ಕಾಕಾನ ಪೈಪು, ವಿಜಾಪುರದ ತಂಬಾಕು

ಹೋದ ವರ್ಷ ದೀಪಾವಳಿ ಮುಗಿದು ಎಂಟು ದಿನ ಆಗಿರಬಹುದು. ನಮ್ಮ ಓಣಿಯ ಸುಭೇದಾರ ಕಾಕಾ ಮುಂಜಾನೆಯೇ ಮನೆಗೆ ಬಂದರು. ಕೈಯಲ್ಲಿ ಅರಿವೆಯಲ್ಲಿ ಸುತ್ತಿದ ಒಂದು ಹೊಸ ಪೈಪು.

"ಮಾಸ್ತರ, ನೀ ಬಡಿಗ್ಯಾನ ಮಗ ಅದಿ. ಇದರ ಹೊಟ್ಟಿ ಒಳಗಿನ ಕರಿ ಬಣ್ಣ ಹಕ್ಕಳಿ ಹಕ್ಕಳಿ ಏಳಾಕತ್ತೇತಿ. ಸೇದಿದ್ರ ಸುಟ್ಟ ಬಣ್ಣದ ವಾಸನಿ. ಏನಾರ ಮಾಡು" ಅಂದರು.

ಕಾಕಾ ಫೌಜಿನಲ್ಲಿ ಇದ್ದವರು. ಅಲ್ಲಿಯೇ ಪೈಪು ಸೇದುವುದನ್ನು ಕಲಿತರು. ಅವರ ಹಳೆಯ ಪೈಪು ಮೂವತ್ತು ವರ್ಷ ನಡೆದು, ಕಡೆಗೆ ಒಂದು ಬದಿಗೆ ಕಟ್ಟಿಗೆ ಸುಟ್ಟು ತೂತು ಬಿತ್ತು. ಪುಣೆಯಲ್ಲಿರುವ ಮೊಮ್ಮಗ ಹೊಸದನ್ನು ಕಳಿಸಿದ. ನಾಲ್ಕೈದು ಸಲ ಸೇದುವುದರೊಳಗೆ ಒಳಗಿನ ಲೇಪ ಬಿರಿಯಿತು.

ಖರೆ ಹೇಳಬೇಕೆಂದರೆ ನನಗೆ ಆ ಕೆಲಸ ಮಾಡುವ ಮನಸ್ಸಿರಲಿಲ್ಲ. ನಮ್ಮ ಅಪ್ಪ ಸುಣ್ಣ ತಂಬಾಕು ತಿಕ್ಕಿ ಗಲ್ಲದಲ್ಲಿ ಇಟ್ಟುಕೊಳ್ಳುತ್ತಿದ್ದ. ಬಾಯಿ ಹುಣ್ಣಾಯಿತು, ಮಿರಜಕ್ಕೆ ಒಯ್ದಿವಿ, ಉಳಿಯಲಿಲ್ಲ. ಶಾಲೆಯಲ್ಲಿ ಹುಡುಗರಿಗೆ ತಂಬಾಕು ಮುಟ್ಟಬ್ಯಾಡ್ರಿ ಅಂತ ಹೇಳುವವನು ನಾನು. ಆದರೂ ಹಕ್ಕಳಿ ಎದ್ದ ಬಣ್ಣವನ್ನು ಎಂಬತ್ತರ ಮುದುಕ ಬೆಂಕಿ ಹಚ್ಚಿ ಉಸಿರಿನೊಳಗೆ ಎಳೆದುಕೊಳ್ಳುವುದನ್ನು ನೋಡುತ್ತ ಕೂಡುವುದೂ ಸರಿ ಅನಿಸಲಿಲ್ಲ. "ಇಟ್ಟು ಹೋಗ್ರಿ ಕಾಕಾ, ನೋಡ್ತೀನಿ" ಅಂದೆ.

ಕೆಲಸಕ್ಕೆ ಕೂಡುವ ಮೊದಲು ನನ್ನ ತಲೆಯಲ್ಲಿ ಒಂದು ಪ್ರಶ್ನೆ ಎದ್ದಿತು. ಕಾಕಾನ ಅಪ್ಪ ಚಿಲಿಮಿ ಸೇದುತ್ತಿದ್ದ. ಕುಂಬಾರ ಮಾಡಿಕೊಟ್ಟ ಮಣ್ಣಿನ ಚಿಲಿಮಿ. ಅದರ ಒಳಗೆ ಯಾರೂ ಯಾವ ಲೇಪವನ್ನೂ ಹಚ್ಚಿದ್ದಿಲ್ಲ. ಕೆಳಗೊಂದು ಸಣ್ಣ ಹಳ್ಳು, ಬಾಯಿಗೆ ಒದ್ದಿ ಅರಿವೆ, ಇಷ್ಟೇ. ಹಂಗಾದರೆ ಈ ಪೈಪಿಗೆ ಯಾಕೆ ಬೇಕಾಯಿತು ಲೇಪ? ಇದರ ಉತ್ತರ ಹುಡುಕುತ್ತ ಹೋದರೆ ದಾರಿ ನಮ್ಮ ನೆರೆಯ ವಿಜಾಪುರದ ಮೇಲೆಯೇ ಹಾಯ್ದು ಹೋಗುತ್ತದೆ.

ತಂಬಾಕು ನಮ್ಮ ಭೂಮಿಯ ಬೆಳೆ ಅಲ್ಲ. 1492ರಲ್ಲಿ ಕೊಲಂಬಸನ ಜನ ಅಮೆರಿಕದ ದ್ವೀಪಗಳಲ್ಲಿ ಮೊದಲು ಅದನ್ನು ಕಂಡರು. ಅಲ್ಲಿಂದ ಸ್ಪೇನ್, ಪೋರ್ತುಗಾಲಕ್ಕೆ ಬಂತು. 1560ರ ಹೊತ್ತಿಗೆ ಲಿಸ್ಬನ್ನಿನಲ್ಲಿದ್ದ ಫ್ರಾನ್ಸಿನ ರಾಯಭಾರಿ ಜಾನ್ ನಿಕೊ ಅದನ್ನು ಔಷಧವೆಂದು ತನ್ನ ರಾಜಮನೆತನಕ್ಕೆ ಕಳಿಸಿದ. ನಿಕೊಟಿನ್ ಎಂಬ ಹೆಸರು ಬಂದದ್ದು ಆತನಿಂದಲೇ. ನಮ್ಮ ಕಡೆಗೆ ತಂದವರು ಪೋರ್ತುಗೀಜರು. 1510ರಲ್ಲಿ ಅವರು ಆದಿಲಶಾಹಿಯ ಕೈಯಿಂದ ಗೋವೆಯನ್ನು ಕಸಿದುಕೊಂಡಿದ್ದರು. ಗೋವೆಯ ಬಂದರಿಗೆ ಇಳಿದ ಸರಕು ಘಟ್ಟ ಹತ್ತಿ ವಿಜಾಪುರದ ಪೇಟೆಗೆ ಬರುವುದು ಸಹಜವೇ.

ಮುಂದಿನದು ದಾಖಲಾದ ಸಂಗತಿ. 1604ರ ಸುಮಾರಿಗೆ ಅಕ್ಬರ ಬಾದಶಹನು ಅಸದ್ ಬೇಗ ಎಂಬ ತನ್ನ ಅಧಿಕಾರಿಯನ್ನು ಎರಡನೆಯ ಇಬ್ರಾಹಿಂ ಆದಿಲಶಹನ ದರ್ಬಾರಿಗೆ ಕಳಿಸಿದ್ದ. ಅಸದ್ ಬೇಗ ಪಾರಸಿಯಲ್ಲಿ ತನ್ನ ವೃತ್ತಾಂತ ಬರೆದಿಟ್ಟಿದ್ದಾನೆ. ತಾನು ಹಿಂದೆಂದೂ ಕಾಣದ ತಂಬಾಕನ್ನು ವಿಜಾಪುರದಲ್ಲಿ ಕಂಡೆ, ಬಾದಶಹನಿಗೆಂದು ಕೊಂಡು ತಂದೆ ಎನ್ನುತ್ತಾನೆ. ಅದರ ಜೋಡಿ ಒಂದು ಚೆಂದದ ಪೈಪನ್ನೂ ಸಜ್ಜುಗೊಳಿಸಿದ. ಮೂರು ಮೊಳ ಉದ್ದದ ಕೊಳವೆ, ಎರಡೂ ತುದಿಗೆ ರತ್ನ ಮತ್ತು ಮೀನಾಕಾರಿ ಕೆಲಸ, ತುಟಿಗೆ ಹಚ್ಚುವಲ್ಲಿ ಯೆಮನ್ನಿನ ಅಕೀಕ ಕಲ್ಲು, ಬೆಂಕಿ ಇಡುವುದಕ್ಕೆ ಬಂಗಾರದ ಬಟ್ಟಲು.

ಆಗ್ರಾದ ದರ್ಬಾರಿನಲ್ಲಿ ಇದನ್ನು ಇಟ್ಟಾಗ ವಾದ ಹತ್ತಿತು. ಬಾದಶಹ ಕುತೂಹಲಕ್ಕೆ ಒಂದೆರಡು ದಮ್ಮು ಎಳೆದ. ಹಕೀಮ ತಡೆದ. ನಮ್ಮ ಗ್ರಂಥಗಳಲ್ಲಿ ಇದರ ಮಾತೇ ಇಲ್ಲ, ಗುಣ ತಿಳಿಯದ ವಸ್ತುವನ್ನು ದೊರೆಗೆ ಹೇಗೆ ಕೊಡುವುದು ಎಂಬುದು ಆತನ ವಾದ. ಯುರೋಪಿನವರು ಮೂರ್ಖರಲ್ಲ, ಅವರಲ್ಲಿಯೂ ಬಲ್ಲವರಿದ್ದಾರೆ, ಪರೀಕ್ಷೆ ಮಾಡದೆ ಅವರು ಬಳಸುತ್ತಾರೆಯೇ ಎಂಬುದು ಅಸದ್ ಬೇಗನ ವಾದ. ಅಕ್ಬರ ಆಮೇಲೆ ಸೇದಲಿಲ್ಲ. ಆದರೆ ಸರದಾರರು ಒಬ್ಬೊಬ್ಬರಾಗಿ ಬೇಡಿ ಒಯ್ದರು, ವ್ಯಾಪಾರಿಗಳು ಮಾರಲು ಹತ್ತಿದರು, ಚಟ ಹಬ್ಬಿತು. 1617ರಲ್ಲಿ ಜಹಾಂಗೀರ ತಂಬಾಕು ಬಂದ್ ಎಂದು ಹುಕುಂ ಹೊರಡಿಸಿದ. ಹುಕುಂ ಕಾಗದದಲ್ಲಿ ಉಳಿಯಿತು. ನಮ್ಮ ಕಾಲದಲ್ಲಿ 2008ರ ಅಕ್ಟೋಬರ್ 2ರಿಂದ ಸಾರ್ವಜನಿಕ ಜಾಗದಲ್ಲಿ ಸೇದಬಾರದೆಂಬ ನಿಯಮ ದೇಶಕ್ಕೆಲ್ಲ ಬಂತು. ನಮ್ಮ ಸಂತೆಯ ದಿನ ಸ್ಟ್ಯಾಂಡಿನಲ್ಲಿ ಒಂದು ಸುತ್ತು ಹಾಕಿ ಬಂದರೆ ಅದರ ಗತಿಯೂ ತಿಳಿಯುತ್ತದೆ.

ನಮ್ಮ ಜತ್ತ ಸೀಮೆ ಆಗ ಆದಿಲಶಾಹಿಯದೇ. ಜತ್ತದ ಡಫಳೆ ಮನೆತನದವರು ವಿಜಾಪುರದ ದೊರೆಗಳ ಕೈಕೆಳಗೆ ಮೇಲೆ ಬಂದವರು. ಇಂದು ನಡುವೆ ರಾಜ್ಯದ ಗಡಿ ಬಂದಿದೆ. ಚಿಲಿಮಿಗೆ ಗಡಿ ಗೊತ್ತಿಲ್ಲ.

ಇನ್ನು ಪೈಪಿನ ಮಾತು. ಇಂಗ್ಲಂಡಿನವರು 16ನೇ ಶತಮಾನದ ಕೊನೆಗೆ ಸೇದುತ್ತಿದ್ದದ್ದೂ ಮಣ್ಣಿನ ಪೈಪೇ. ಬಿಳಿ ಮಣ್ಣು, ಉದ್ದ ಕೊಳವೆ. ತಂಬಾಕು ತುಟ್ಟಿ ಇದ್ದ ಕಾರಣ ಮೊದಮೊದಲು ಬಟ್ಟಲು ಬೆರಳ ತುದಿಯಷ್ಟು ಸಣ್ಣದು. ಸೋವಿ ಆದ ಹಾಗೆ ಬಟ್ಟಲು ದೊಡ್ಡದಾಯಿತು. ಕೊಳವೆ ಉದ್ದವಾಗುತ್ತ ಹೋಗಿ ಒಳಗಿನ ತೂತು ಸಣ್ಣದಾಯಿತು. ಈ ಪೈಪುಗಳು ಬಳೆಯ ಹಾಗೆ ಒಡೆಯುತ್ತಿದ್ದವು, ಚೂರುಗಳನ್ನು ತಿಪ್ಪೆಗೆ ಒಗೆಯುತ್ತಿದ್ದರು. ಹ್ಯಾರಿಂಗ್ಟನ್ ಎಂಬ ಅಮೆರಿಕದ ಸಂಶೋಧಕ 1954ರಲ್ಲಿ ಆ ಚೂರುಗಳ ತೂತನ್ನು ಅಳೆದರೆ ಯಾವ ಕಾಲದ್ದೆಂದು ಅಂದಾಜು ಹೇಳಬಹುದೆಂದು ತೋರಿಸಿದ. ತಿಪ್ಪೆಯ ಚೂರೂ ಇತಿಹಾಸ ಹೇಳುತ್ತದೆ ನೋಡಿರಿ.

ಮಣ್ಣು ಸುಡುವುದಿಲ್ಲ, ಯಾಕಂದರೆ ಅದು ಆವಿಗೆಯಲ್ಲಿ ಆಗಲೇ ಸುಟ್ಟು ಬಂದದ್ದು. ಆದರೆ ಕೈಗೆ ಬಿಸಿ, ಬಿದ್ದರೆ ಚೂರು. ಕಟ್ಟಿಗೆಯ ಪೈಪು ಬಿದ್ದರೂ ಉಳಿಯುತ್ತದೆ, ಆದರೆ ಬೆಂಕಿಗೆ ಸುಡುತ್ತದೆ. ಈ ತೊಡಕಿಗೆ ಉತ್ತರ ಸಿಕ್ಕಿದ್ದು 1850ರ ದಶಕದಲ್ಲಿ, ಫ್ರಾನ್ಸಿನ ಜುರಾ ಬೆಟ್ಟಗಳ ಸೇಂಟ್ ಕ್ಲೋಡ್ ಊರಿನಲ್ಲಿ. ಅದು ಯಾತ್ರೆಯ ಊರು. ನಮ್ಮ ಪಂಢರಪುರದಲ್ಲಿ ತುಳಸಿ ಮಣಿ ಮಾಡಿ ಮಾರುವ ಹಾಗೆ, ಅಲ್ಲಿ ಯಾತ್ರಿಕರಿಗಾಗಿ ಕಟ್ಟಿಗೆಯ ಜಪಮಣಿ ಮತ್ತು ಸಣ್ಣ ಸಾಮಾನು ತಿರುಗಣಿಯಲ್ಲಿ ಕಡೆಯುವ ಕಸಬುದಾರರು ಇದ್ದರು. ಅವರ ಕೈಗೆ ಬ್ರಯರ್ ಗಡ್ಡೆ ಬಂತು. ಭೂಮಧ್ಯ ಸಮುದ್ರದ ಸುತ್ತಲಿನ ಗುಡ್ಡಗಳಲ್ಲಿ ಬೆಳೆಯುವ ಒಂದು ಪೊದೆಯ ಬುಡದ ಗಂಟು ಅದು. ಕಾಡಿಗೆ ಬೆಂಕಿ ಬಿದ್ದು ಮೇಲಿನದೆಲ್ಲ ಸುಟ್ಟರೂ ನೆಲದೊಳಗಿನ ಈ ಗಂಟಿನಿಂದ ಗಿಡ ಮತ್ತೆ ಚಿಗುರುತ್ತದೆ. ಗಂಟನ್ನು ಅಗೆದು, ಕೊರೆದು, ಹತ್ತಾರು ತಾಸು ನೀರಿನಲ್ಲಿ ಕುದಿಸಿ ರಸ ತೆಗೆದು, ತಿಂಗಳಾನುಗಟ್ಟಲೆ ನೆರಳಿಗೆ ಒಣಗಿಸಿದ ಮೇಲೆ ಪೈಪು ಕಡೆಯುತ್ತಾರೆ.

ಎಷ್ಟು ಗಟ್ಟಿ ಇದ್ದರೂ ಕಡೆಗೆ ಅದು ಕಟ್ಟಿಗೆಯೇ. ದಿನಾ ಸೇದಿದ ಹಾಗೆ ಒಳಗೆ ಇದ್ದಿಲಿನ ಪದರು ಕಟ್ಟುತ್ತದೆ, ಒಂದು ನಾಣ್ಯದ ದಪ್ಪ ಆದರೆ ಸಾಕು, ಅದೇ ಕಟ್ಟಿಗೆಯನ್ನು ಕಾಯುತ್ತದೆ. ಆ ಪದರು ಕಟ್ಟುವವರೆಗಿನ ಮೊದಲ ದಿನಗಳಿಗಾಗಿ ಕಾರಖಾನೆಯವರು ಲೇಪ ಹಚ್ಚುತ್ತಾರೆ. ಕೆಲವರು ಇದ್ದಿಲ ಪುಡಿಯನ್ನು ಸೋಡಿಯಂ ಸಿಲಿಕೇಟಿನಲ್ಲಿ, ಅಂದರೆ ನೀರುಗಾಜಿನಲ್ಲಿ ಕಲಸುತ್ತಾರೆ. ಕೆಲವರು ಬರೇ ಬಣ್ಣ ಬಳಿಯುತ್ತಾರೆ. ಲೇಪಕ್ಕೆ ಇನ್ನೊಂದು ಉಪಯೋಗವೂ ಉಂಟು, ಒಳಗಿನ ಕಲೆ ಹೊರಗಿನವರಿಗೆ ಕಾಣುವುದಿಲ್ಲ. ಹಸಿ ತಂಬಾಕಿನ ಉಗಿಗೆ ಕಟ್ಟಿಗೆ ಉಬ್ಬುತ್ತದೆ, ಗಾಜಿನಂಥ ದಪ್ಪ ಲೇಪ ಉಬ್ಬುವುದಿಲ್ಲ. ಅಲ್ಲಿಗೆ ಅದು ಬಿರಿಯುತ್ತದೆ. ಕಾಕಾನ ಪೈಪಿಗೆ ಆಗಿದ್ದೂ ಇದೇ ಇರಬೇಕು ಅಂದುಕೊಂಡೆ.

ಇನ್ನು ನಾನು ಮಾಡಿದ್ದು. ಚಾಕು ಹಾಕಿ ಕೆರೆಯಲಿಲ್ಲ, ಚಾಕು ಕಟ್ಟಿಗೆಯನ್ನು ಕಚ್ಚುತ್ತದೆ. ಅಪ್ಪನ ಪೆಟ್ಟಿಗೆಯಿಂದ ಒಂದು ಗುಂಡು ಕಟ್ಟಿಗೆ ತೆಗೆದು, ಬಟ್ಟಲಿಗಿಂತ ತುಸು ಸಣ್ಣ ಮಾಡಿ, ಅದರ ತುದಿಯನ್ನು ಬಟ್ಟಲಿನ ತಳದ ಹಾಗೆ ಗುಂಡಗೆ ಕೆತ್ತಿದೆ. ಹೊಗೆಯ ತೂತಿಗೆ ಧೂಳು ಹೋಗಬಾರದೆಂದು ಒಳಗೆ ಅರಳೆಯ ಬತ್ತಿ ತುರುಕಿದೆ. ಕಟ್ಟಿಗೆಗೆ 150 ನಂಬರಿನ ಪಾಲಿಶ್ ಪೇಪರು ಸುತ್ತಿ, ಒತ್ತದೆ, ಬರೇ ತಿರುವಿದೆ. ಬಾಯಿಗೆ ಅರಿವೆ ಕಟ್ಟಿಕೊಂಡಿದ್ದೆ. ಹತ್ತು ಸಲ ತಿರುವುವುದು, ಬೋರಲು ಮಾಡಿ ತಟ್ಟುವುದು, ಬೆಳಕಿಗೆ ಹಿಡಿದು ನೋಡುವುದು. ಕರಿ ಹೋಗಿ ಕೆಂಪು ಕಟ್ಟಿಗೆ ಕಂಡಲ್ಲಿ ಕೈ ನಿಲ್ಲಿಸುವುದು. ಆಮೇಲೆ 220, ಕಡೆಗೆ 400. ತಳದಲ್ಲಿ ತೂತು ಕೂಡುವ ಜಾಗವನ್ನು ಹೆಚ್ಚು ಮುಟ್ಟಲಿಲ್ಲ. ಅಲ್ಲಿ ಸವೆದರೆ ಪೈಪು ಕೆಟ್ಟಿತು. ನೀರು ಸುರುವಲಿಲ್ಲ. ಕಾಕಾನ ಕಪಾಟಿನ ರಮ್ಮಿನಲ್ಲಿ ಅರಿವೆ ತುಸು ಹಸಿ ಮಾಡಿ ಒರೆಸಿ ಎರಡು ದಿನ ಆರಲು ಇಟ್ಟೆ. ಎರಡು ಸಂಜೆಯ ಕೆಲಸ ಅದು.

ಲೇಪ ಹೋದ ಮೇಲೆ ಎಳ್ಳು ಕಾಳಿನಷ್ಟು ಒಂದು ಕುಳಿ ಕಂಡಿತು. ಸೂಜಿ ಹಾಕಿ ನೋಡಿದೆ, ಆಳ ಇರಲಿಲ್ಲ. ಕಾಕಾನಿಗೆ ಮುಚ್ಚಿಡದೆ ತೋರಿಸಿದೆ. ಹೊಸ ಲೇಪಕ್ಕೆ ಕೈಯಿಂದ ಪೈಪು ಮಾಡುವವರ ಒಂದು ರೀತಿ ಓದಿ ಗೊತ್ತಿತ್ತು, ಹುಳಿ ಕೆನೆ ಇಲ್ಲವೆ ಮಜ್ಜಿಗೆಯಲ್ಲಿ ನುಣ್ಣನೆಯ ಇದ್ದಿಲ ಪುಡಿ ಕಲಸಿ ತೆಳ್ಳಗೆ ಹಚ್ಚುವುದು. ಕಾಕುವಿಗೆ ನಗು ತಡೆಯಲಿಲ್ಲ. "ಅಷ್ಟು ಶಾಣ್ಯಾ ಮಂದಿ ಕಡೀಕ ನಮ್ಮ ಮಜ್ಜಿಗಿಗೇ ಬಂದ್ರಲ್ಲೋ!" ಮೂರು ದಿನ ಒಣಗಿದ ಮೇಲೆ ಹುಳಿ ವಾಸನೆ ಹೋಗಿ ಲೇಪ ಕೂತಿತ್ತು.

ಪೈಪು ಕೊಡಲು ಹೋದ ದಿನ ಕಾಕು ನಗಲಿಲ್ಲ. "ಡಾಕ್ಟರ ಬ್ಯಾಡ ಅಂದಾನ, ರಾತ್ರಿ ಕೆಮ್ಮಿ ಕೆಮ್ಮಿ ಸಾಯ್ತಾರ, ನೀ ರಿಪೇರಿ ಮಾಡಿ ಕೊಡ್ತಿ" ಅಂದಳು.

"ಫೌಜಿನಾಗ ದೊಡ್ಡ ದೊಡ್ಡ ಸಾಹೇಬರು ಸೇದ್ತಿದ್ರು. ಅವರೇನು ಹುಚ್ಚರೇನ?" ಅಂದರು ಕಾಕಾ.

ನಾನು ಸುಮ್ಮನೆ ನಿಂತೆ. ಆಗ್ರಾದ ಹಕೀಮನ ಮಾತು ಒಂದು ಬದಿಗೆ, ಅಸದ್ ಬೇಗನ ಮಾತು ಇನ್ನೊಂದು ಬದಿಗೆ, ನಾಲ್ಕು ನೂರು ವರ್ಷದ ಮೇಲೆ ನಮ್ಮ ಓಣಿಯ ಕಟ್ಟೆಯ ಮೇಲೆ. ಅಂದು ಹಕೀಮನ ಹತ್ತಿರ ಪುರಾವೆ ಇರಲಿಲ್ಲ, ಅನುಮಾನ ಇತ್ತು. ಇಂದು ಪುರಾವೆ ಇದೆ, ನಮ್ಮ ಮನೆಯಲ್ಲಿಯೂ ಇದೆ. ಅಪ್ಪನ ಕಡೆಯ ದಿನಗಳನ್ನು ಕಾಕಾ ನೋಡಿದ್ದರು. ಮಿರಜಕ್ಕೆ ಒಯ್ಯುವಾಗ ಗಾಡಿಯಲ್ಲಿ ಜೋಡಿ ಕೂತವರು ಅವರೇ. "ಕಾಕಾ, ಬಣ್ಣ ತೆಗದೀನಿ. ತಂಬಾಕಿನೊಳಗಿನ ವಿಷ ತೆಗಿಯಾಕ ನನ್ನ ಕೈಲೆ ಆಗೂದಿಲ್ಲರಿ" ಅಂದೆ.

ಅವರು ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ "ಐತವಾರಕ್ಕೊಮ್ಮೆ" ಅಂದರು. ಕಾಕು "ನೋಡೋಣು" ಅಂದಳು.

ಆ ಮಾತು ಎಷ್ಟು ದಿನ ನಡೆಯುತ್ತದೋ ಕಾಕುವೇ ಹೇಳಬೇಕು. ಆದರೆ ಮರುದಿನ ಕಾಕಾ ನಮ್ಮ ವಾಚನಾಲಯಕ್ಕೆ ಬಂದು, ತೂತು ಬಿದ್ದ ಹಳೆಯ ಪೈಪನ್ನೂ ತಮ್ಮ ಅಪ್ಪನ ಮಣ್ಣಿನ ಚಿಲಿಮಿಯನ್ನೂ ಮೇಜಿನ ಮೇಲೆ ಇಟ್ಟು ಹೋದರು. ಈಗ ಅವೆರಡೂ ಗಾಜಿನ ಕಪಾಟಿನಲ್ಲಿವೆ. ಶಾಲೆಯ ಹುಡುಗರು ಬಂದರೆ ಮೊದಲು ವಿಜಾಪುರದ ಕಥೆ ಹೇಳುತ್ತೇನೆ, ಆಮೇಲೆ ಅಪ್ಪನ ಕಥೆ. ಒಂದನ್ನು ಬಿಟ್ಟು ಇನ್ನೊಂದನ್ನು ಹೇಳುವುದಿಲ್ಲ.

ನಿಮ್ಮ ಮನೆಯ ಮಾಡದಲ್ಲಿಯೂ ಇಂಥ ಹಳೆಯ ಚಿಲಿಮಿ, ಹುಕ್ಕಾ, ತಂಬಾಕಿನ ಡಬ್ಬಿ, ಸುಣ್ಣದ ಕಾಯಿ ಇದ್ದಾವು. ತಿಪ್ಪೆಗೆ ಒಗೆಯಬ್ಯಾಡ್ರಿ. ಯಾರದು, ಯಾವ ಕಾಲದ್ದು ಎಂದು ಒಂದು ಚೀಟಿ ಬರೆದು ವಾಚನಾಲಯಕ್ಕೆ ತಂದು ಕೊಡ್ರಿ. ಕಪಾಟಿನಲ್ಲಿ ಇನ್ನೂ ಜಾಗ ಇದೆ.