ಭಾರತದ ಆಹಾರ ಮತ್ತು ಪೋಷಣ ನೀತಿ

ಪ್ರಜೆಗಳ ಪೌಷ್ಟಿಕತೆಯ ಮಟ್ಟವನ್ನು ಉನ್ನತಗೊಳಿಸುವುದೂ ಸಾರ್ವಜನಿಕ ಆರೋಗ್ಯವನ್ನು ಸುಧಾರಿಸುವುದೂ ರಾಜ್ಯದ ಆದ್ಯ ಕರ್ತವ್ಯಗಳೆಂದು ಭಾರತ ಸಂವಿಧಾನದ 47ನೆಯ ಅನುಚ್ಛೇದವು ವಿಧಿಸಿರುವುದಾದರೂ, 1943ರ ಬಂಗಾಳದ ಕ್ಷಾಮದ ಕರಾಳ ಸ್ಮೃತಿಯನ್ನು ಹೊತ್ತು ಸ್ವತಂತ್ರವಾದ ರಾಷ್ಟ್ರದ ಚಿಂತೆಯೆಲ್ಲವೂ ಬಹುಕಾಲ ಧಾನ್ಯಸಂಗ್ರಹದಲ್ಲಿಯೇ ನೆಟ್ಟಿದ್ದಿತು. 1965ರಲ್ಲಿ ಭಾರತೀಯ ಆಹಾರ ನಿಗಮವು ಸ್ಥಾಪಿತವಾಯಿತು. ನ್ಯಾಯಬೆಲೆ ಅಂಗಡಿಗಳು ಊರೂರಿಗೂ ಹಬ್ಬಿದುವು. ಹಸಿವನ್ನು ತಣಿಸುವುದು ಒಂದು ಕಾರ್ಯ, ದೇಹವನ್ನು ಪೋಷಿಸುವುದು ಮತ್ತೊಂದು ಎಂಬ ವಿವೇಕವು ನೀತಿಯೊಳಗೆ ನೆಲೆಗೊಂಡುದು ನಿಧಾನವಾಗಿ.

ಗರ್ಭಿಣಿ, ಬಾಣಂತಿ ಹಾಗೂ ಆರು ವರ್ಷದೊಳಗಿನ ಶಿಶುಗಳಿಗೆ ಪೂರಕ ಆಹಾರವನ್ನೂ ಲಸಿಕೆಯನ್ನೂ ಒಂದೇ ಸೂರಿನಡಿ ಒದಗಿಸುವ ಸಮಗ್ರ ಶಿಶು ಅಭಿವೃದ್ಧಿ ಯೋಜನೆಯು 1975ರ ಅಕ್ಟೋಬರ್ 2ರಂದು 33 ಕಡೆಗಳಲ್ಲಿ ಆರಂಭವಾಯಿತು. ಮೈಸೂರು ಜಿಲ್ಲೆಯ ತಿರುಮಕೂಡಲು ನರಸೀಪುರವು ಅವುಗಳಲ್ಲೊಂದು. ಅಂಗನವಾಡಿಗಳು ಇದರ ಫಲ.

ಶಾಲಾ ಭೋಜನದ ಇತಿಹಾಸವು ಹೆಚ್ಚು ಬೋಧಪ್ರದವಾದುದು. ಮುಖ್ಯಮಂತ್ರಿ ಕಾಮರಾಜರು ಮದರಾಸು ರಾಜ್ಯದಲ್ಲಿ 1956ರಲ್ಲಿ ವ್ಯಾಪಕಗೊಳಿಸಿದ ಈ ಪದ್ಧತಿಯನ್ನು ಕೇಂದ್ರವು 1995ರ ಆಗಸ್ಟ್ 15ರಂದು ಅಂಗೀಕರಿಸಿತಾದರೂ, ಅನೇಕ ರಾಜ್ಯಗಳು ಊಟಕ್ಕೆ ಬದಲಾಗಿ ತಿಂಗಳಿಗೆ 3 ಕಿಲೋಗ್ರಾಂ ಧಾನ್ಯವನ್ನು ಮಕ್ಕಳ ಕೈಗಿತ್ತು ಕಳುಹಿಸುತ್ತಿದ್ದುವು. ಆ ಧಾನ್ಯವು ಮನೆಯ ಗಡಿಗೆಯನ್ನು ಸೇರಿ, ಎಲ್ಲರಿಗೂ ಹಂಚಿಹೋಗಿ, ಮಗುವಿನ ಪಾಲಿಗೆ ಉಳಿಯುತ್ತಿದ್ದುದು ನಾಲ್ಕು ತುತ್ತು ಮಾತ್ರ. ಸರ್ಕಾರಿ ಉಗ್ರಾಣಗಳು ತುಂಬಿ ತುಳುಕುತ್ತಿರಲು ಬರಪೀಡಿತರು ಉಪವಾಸವಿದ್ದ ಕಾಲದಲ್ಲಿ ಸಲ್ಲಿಸಲ್ಪಟ್ಟ ಅರ್ಜಿಯೊಂದರ ಮೇಲೆ ಸರ್ವೋಚ್ಚ ನ್ಯಾಯಾಲಯವು 2001ರ ನವೆಂಬರ್ 28ರಂದು, ಬೇಯಿಸಿದ ಅನ್ನವನ್ನೇ ಬಡಿಸತಕ್ಕದ್ದೆಂದು ಆಜ್ಞಾಪಿಸಿತು. ಕರ್ನಾಟಕದಲ್ಲಿ ಇದು ಅಕ್ಷರ ದಾಸೋಹವೆಂಬ ನಾಮಧೇಯದಿಂದಲೂ, ಜನರ ಬಾಯಲ್ಲಿ ಬಿಸಿಯೂಟವೆಂದೂ ಪ್ರಸಿದ್ಧವಾಗಿದೆ. ಕಿರಿಯ ಪ್ರಾಥಮಿಕ ತರಗತಿಯ ಮಗುವಿಗೆ ದಿನಕ್ಕೆ 100 ಗ್ರಾಂ ಧಾನ್ಯ, 20 ಗ್ರಾಂ ಬೇಳೆ, 50 ಗ್ರಾಂ ತರಕಾರಿ, 5 ಗ್ರಾಂ ಎಣ್ಣೆ ವಿಹಿತವಾಗಿವೆ. ನಾನಾ ಜಾತಿಗಳ ಮಕ್ಕಳು ಒಂದೇ ಪಂಕ್ತಿಯಲ್ಲಿ ಕುಳಿತುಣ್ಣುವುದನ್ನು ಯಾವ ಗ್ರಾಂ ಲೆಕ್ಕವೂ ಅಳೆಯಲಾರದು.

2013ರ ರಾಷ್ಟ್ರೀಯ ಆಹಾರ ಭದ್ರತಾ ಅಧಿನಿಯಮವು, ಗ್ರಾಮೀಣರಲ್ಲಿ ಶೇಕಡ 75ರವರೆಗಿನವರಿಗೂ ನಗರವಾಸಿಗಳಲ್ಲಿ ಶೇಕಡ 50ರವರೆಗಿನವರಿಗೂ, ತಲೆಗೆ ಮಾಸಿಕ 5 ಕಿಲೋಗ್ರಾಂ ಧಾನ್ಯವನ್ನು ಅನುಗ್ರಹವಾಗಿ ಅಲ್ಲದೆ ಹಕ್ಕಾಗಿ ವಿಧಿಸಿತು.

ಆದರೂ ಧಾನ್ಯದ ಮಿತಿಯು ಸ್ಪಷ್ಟವಾಗಿಯೇ ಗೋಚರಿಸುತ್ತದೆ. 2015-16 ಮತ್ತು 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಗಳ ನಡುವೆ, ಐದು ವರ್ಷದೊಳಗಿನವರಲ್ಲಿ ಕುಂಠಿತ ಬೆಳವಣಿಗೆಯು ಶೇಕಡ 38.4ರಿಂದ 35.5ಕ್ಕೆ ಇಳಿದರೂ, ಶಿಶುಗಳ ರಕ್ತಹೀನತೆಯು ಶೇಕಡ 58.6ರಿಂದ 67.1ಕ್ಕೆ ಏರಿತು. ಅನ್ನವೊಂದರಿಂದಲೇ ರಕ್ತವು ವೃದ್ಧಿಯಾಗದು; ಅದಕ್ಕೆ ಬೇಳೆ, ಸೊಪ್ಪು, ಹಾಲು, ಮೊಟ್ಟೆಗಳ ಜೊತೆಗೆ ಶುದ್ಧ ಜಲವೂ ಜಂತುಹುಳುಗಳ ನಿವಾರಣೆಯೂ ಅವಶ್ಯಕ. ಕರ್ನಾಟಕದ ಶಾಲೆಗಳಲ್ಲಿ 2013ರಿಂದ ಹಾಲನ್ನೂ, ಅನಂತರದ ವರ್ಷಗಳಲ್ಲಿ ಮೊಟ್ಟೆಯನ್ನೂ, ಅದನ್ನು ಒಲ್ಲದವರಿಗೆ ಬಾಳೆಹಣ್ಣನ್ನೂ ಕೊಡತೊಡಗಿರುವುದು ಈ ತಿಳಿವಿನಿಂದಲೇ.