ಗೇರ್ ಬೀಳದ ಗಾಡಿ: ಹಳೆಯ ಜಾವಾ, ಬುಲೆಟ್‌ಗಳಲ್ಲಿ ಕ್ಲಚ್ ದೋಷದ ಪತ್ತೆ

ಹಳೆಯ ಮೋಟಾರ್ ಸೈಕಲ್ ಗ್ಯಾರೇಜಿಗೆ ಬಂದಾಗ ಮಾಲೀಕರ ದೂರು ಸಾಮಾನ್ಯವಾಗಿ ಮೂರು ಮಾತಿನಲ್ಲಿ ಮುಗಿಯುತ್ತದೆ: ಗೇರ್ ಬೀಳ್ತಿಲ್ಲ, ನ್ಯೂಟ್ರಲ್ ಸಿಗ್ತಿಲ್ಲ, ಗಾಡಿ ಎಳೀತಿಲ್ಲ. ಮೊದಲೆರಡು ಗೇರ್‌ಬಾಕ್ಸಿನ ಮೇಲೆ ಅನುಮಾನ ಹುಟ್ಟಿಸುತ್ತವೆ, ಮೂರನೆಯದು ಎಂಜಿನ್ನಿನ ಮೇಲೆ. ಮೂರಕ್ಕೂ ಕಾರಣ ಅವೆರಡರ ನಡುವೆ ಕೂತಿರುವ ಕ್ಲಚ್ ಆಗಿರಬಹುದು ಎಂಬುದು ಎಷ್ಟೋ ಸಲ ಎಂಜಿನ್ ಕೆಳಗಿಳಿದ ಮೇಲೆ ಹೊಳೆಯುತ್ತದೆ. ಕ್ಲಚ್ ಸರಿಯಿದೆಯೆಂದು ಖಾತ್ರಿಯಾಗುವ ತನಕ ಗೇರ್‌ಬಾಕ್ಸಿಗೆ ಸ್ಪ್ಯಾನರ್ ಹಚ್ಚಬಾರದು ಎಂಬುದು ಈ ಲೇಖನದ ವಾದ. ಮೈಸೂರಿನಲ್ಲಿ ತಯಾರಾದ ಜಾವಾ, ಯೆಜ್ಡಿಗಳ ವಿಷಯದಲ್ಲಿ ಈ ವಾದಕ್ಕೆ ಇನ್ನೂ ಹೆಚ್ಚಿನ ಬಲವಿದೆ.

2007ರಲ್ಲಿ ಒಂದೇ ಜಿಲ್ಲೆಯಾಗಿ ಸೇರಿದ ನಮ್ಮ ಕಡೆಯ ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ ತಾಲ್ಲೂಕುಗಳ ನೆಲ ಕ್ಲಚ್ಚಿಗೆ ಅಷ್ಟೇನೂ ಕರುಣೆ ತೋರುವುದಿಲ್ಲ. ಸುಮಾರು 250 ಕೋಟಿ ವರ್ಷ ಹಳೆಯದಾದ ಕ್ಲೋಸ್‌ಪೇಟೆ ಗ್ರಾನೈಟ್ ಇಲ್ಲಿ ರಾಮದೇವರ ಬೆಟ್ಟವಾಗಿ, 1,226 ಮೀಟರ್ ಎತ್ತರದ ಸಾವನದುರ್ಗವಾಗಿ, ಕಬ್ಬಾಳದುರ್ಗವಾಗಿ ಎದ್ದು ನಿಂತಿದೆ. ಬೆಟ್ಟದ ಬುಡದ ಹೊಲಗಳಿಗೆ ಹೋಗುವ ದಾರಿಗಳಲ್ಲಿ ಬಂಡೆ, ಕೊರಕಲು, ಸಡಿಲ ಜಲ್ಲಿ ಒಂದರ ಹಿಂದೊಂದು ಬರುತ್ತವೆ. ಹಿಂದೆ ಒಬ್ಬರನ್ನೋ ಒಂದು ಮೂಟೆಯನ್ನೋ ಕೂರಿಸಿಕೊಂಡು, ಮೊದಲ ಗೇರಿನಲ್ಲಿ, ಕ್ಲಚ್ಚನ್ನು ಅರ್ಧ ಹಿಡಿದೇ ಏರಬೇಕು.

ಇಂಥದೇ ನೆಲದ ಮೇಲೆ ಕಾಲೂರದೆ ಗಾಡಿ ಸಾಗಿಸುವುದನ್ನು ಬ್ರಿಟನ್ನಿನಲ್ಲಿ ‘ಟ್ರಯಲ್ಸ್’ ಎಂಬ ಸ್ಪರ್ಧೆಯಾಗಿ ಬೆಳೆಸಿದರು. ಅಲ್ಲಿ ವೇಗಕ್ಕೆ ಬೆಲೆಯಿಲ್ಲ, ಕಾಲು ನೆಲಕ್ಕೆ ತಾಗಿದರೆ ದಂಡದ ಅಂಕ. ಸವಾರ ಜಾನಿ ಬ್ರಿಟನ್ 1952 ಮತ್ತು 1957ರಲ್ಲಿ ರಾಯಲ್ ಎನ್‌ಫೀಲ್ಡ್ ಮೇಲೆ ‘ಸ್ಕಾಟಿಷ್ ಸಿಕ್ಸ್ ಡೇಸ್’ ಟ್ರಯಲ್ಸ್ ಸ್ಪರ್ಧೆ ಗೆದ್ದರು. 1965ರಲ್ಲಿ ಸ್ಯಾಮಿ ಮಿಲ್ಲರ್ ಹಗುರಾದ ಟೂ ಸ್ಟ್ರೋಕ್ ಬುಲ್ಟಾಕೊದಲ್ಲಿ ಅದನ್ನೇ ಗೆದ್ದ ಮೇಲೆ ಭಾರದ ಫೋರ್ ಸ್ಟ್ರೋಕ್ ಗಾಡಿಗಳ ಕಾಲ ಮುಗಿಯಿತು. ಜಾನಿ ಬ್ರಿಟನ್‌ರ ಗೆಲುವುಗಳ ನೆನಪಿಗೆ ರಾಯಲ್ ಎನ್‌ಫೀಲ್ಡ್ 2019ರಲ್ಲಿ ‘ಬುಲೆಟ್ ಟ್ರಯಲ್ಸ್’ ಹೆಸರಿನ 350 ಮತ್ತು 500 ಸಿಸಿ ಗಾಡಿಗಳನ್ನು ಮಾರುಕಟ್ಟೆಗೆ ತಂದಿತು. ಸ್ಪರ್ಧೆಗೆಂದೇ ತಯಾರಾದ ಟ್ರಯಲ್ಸ್ ಗಾಡಿ ನಮ್ಮ ಕಡೆ ಅಪರೂಪ. ಆ ದುಡಿಮೆಯನ್ನು ಹಳೆಯ ಬುಲೆಟ್ಟು, ಯೆಜ್ಡಿಗಳೇ ಮಾಡುತ್ತ ಬಂದಿವೆ. (ರಾಮನಗರದ ಬಂಡೆಗಳ ನಡುವೆ ಚಿತ್ರೀಕರಣಗೊಂಡ ‘ಶೋಲೆ’ಯಲ್ಲಿ ಜೈ, ವೀರು ಓಡಿಸಿದ್ದು ಸೈಡ್‌ಕಾರ್ ಹೊತ್ತ ಬಿಎಸ್‌ಎ. ಆ ಗಾಡಿಯ ಕ್ಲಚ್ಚಿನ ಪಾಡನ್ನು ಕೇಳಿದವರು ಯಾರೂ ಇದ್ದಂತಿಲ್ಲ.)

ಇರಾನಿ ಕುಟುಂಬದ ಐಡಿಯಲ್ ಜಾವಾ ಕಂಪನಿ 1961ರಲ್ಲಿ ಮೈಸೂರಿನಲ್ಲಿ ತಯಾರಿಕೆ ಆರಂಭಿಸಿ, 1996ರಲ್ಲಿ ಬಾಗಿಲು ಹಾಕಿತು. ಚೆಕ್ ಮೂಲದ ಆ 250 ಸಿಸಿ ಗಾಡಿಯಲ್ಲಿ ಎಡಗಾಲಿನ ಒಂದೇ ಪೆಡಲ್ ಗೇರ್ ಲಿವರೂ ಹೌದು, ಕಿಕ್ಕರೂ ಹೌದು. ಅದಕ್ಕೆ ಇನ್ನೂ ಒಂದು ಕೆಲಸವಿದೆ. ಗೇರ್ ಹಾಕಲು ಪೆಡಲ್ ಒತ್ತಿದಾಗ ಮೊದಲು ಒಂದು ಕ್ಯಾಮ್ ಕ್ಲಚ್ಚನ್ನು ಎತ್ತುತ್ತದೆ, ಗೇರ್ ಬದಲಾಗುವುದು ಆಮೇಲೆ. ಆದ್ದರಿಂದ ಗಾಡಿ ಹೊರಟ ಮೇಲೆ ಕೈಯ ಕ್ಲಚ್ ಹಿಡಿಯದೆಯೂ ಗೇರ್ ಬದಲಿಸಬಹುದು. ಜಾಣ್ಮೆಯ ಏರ್ಪಾಡೇನೋ ಸರಿ. ಆದರೆ ದೋಷ ಹುಡುಕುವವನಿಗೆ ಇದರಿಂದ ಗೊಂದಲ: ಕ್ಲಚ್ ಎತ್ತಲು ಎರಡು ದಾರಿ ಇರುವುದರಿಂದ ಸಡಿಲವನ್ನೂ ಎರಡು ಕಡೆ ನೋಡಬೇಕು, ಒಂದು ಕೇಬಲ್ಲಿನದು, ಇನ್ನೊಂದು ಕ್ಯಾಮಿನದು.

ಗೊಂದಲ ಬಿಡಿಸುವ ದಾರಿಯೂ ಅಲ್ಲೇ ಇದೆ. ಕೈಯ ಕ್ಲಚ್ ಪೂರ್ತಿ ಹಿಡಿದಾಗ ಗೇರ್ ಸಲೀಸಾಗಿ ಬಿದ್ದು, ಬರಿ ಪೆಡಲಿನಲ್ಲಿ ಕರಕರ ಎಂದರೆ ಪ್ಲೇಟುಗಳ ತಪ್ಪಿಲ್ಲ, ಕ್ಯಾಮ್ ಸಾಕಷ್ಟು ಎತ್ತುತ್ತಿಲ್ಲ. ಎರಡು ರೀತಿಯಲ್ಲೂ ಕರಕರ ಎಂದರೆ ಎಡಗಡೆಯ ಕವರ್ ತೆಗೆಯಲೇಬೇಕು. ಇದರ ಉಲ್ಟಾ ದೋಷವೂ ಉಂಟು. ಕ್ಯಾಮಿನಲ್ಲಿ ಸಡಿಲವೇ ಇರದ ಗಾಡಿಯ ಪೆಡಲ್ ಮೇಲೆ ಸವಾರ ಸದಾ ಕಾಲಿಟ್ಟುಕೊಂಡರೆ ಕ್ಲಚ್ ಚೂರು ಎತ್ತಿಕೊಂಡೇ ಇರುತ್ತದೆ. ಏರಿನಲ್ಲಿ ಎಂಜಿನ್ ಕೂಗುತ್ತದೆ, ಚಕ್ರ ಎಳೆಯುವುದಿಲ್ಲ. ಹೊಸ ಪಿಸ್ಟನ್ ಹಾಕಿಸಿದರೂ ಈ ಕಾಯಿಲೆ ಹೋಗದು.

ಯಾವ ಗಾಡಿಯಾದರೂ ಮೊದಲ ಪರೀಕ್ಷೆಗೆ ಖರ್ಚಿಲ್ಲ. ಎಂಜಿನ್ ಆರಿಸಿ, ಸೆಂಟರ್ ಸ್ಟ್ಯಾಂಡ್ ಹಾಕಿ, ಹಿಂದಿನ ಚಕ್ರವನ್ನು ಕೈಯಿಂದ ಹಿಂದೆ ಮುಂದೆ ಆಡಿಸುತ್ತ ಒಂದೊಂದೇ ಗೇರ್ ಹಾಕಿ ನೋಡಬೇಕು. ಎಲ್ಲವೂ ಬಿದ್ದು, ಎಂಜಿನ್ ಓಡುವಾಗ ಮಾತ್ರ ತಕರಾರು ಎದ್ದರೆ ಕ್ಲಚ್ ಪೂರ್ತಿ ಬಿಡುತ್ತಿಲ್ಲ ಎಂದರ್ಥ. ಸಿಗ್ನಲ್ಲಿನಲ್ಲಿ ನ್ಯೂಟ್ರಲ್ ಸಿಗದಿರುವುದು, ಕ್ಲಚ್ ಹಿಡಿದಿದ್ದರೂ ಗಾಡಿ ಮೆಲ್ಲಗೆ ಮುಂದಕ್ಕೆ ತೆವಳುವುದು ಇದರದೇ ಲಕ್ಷಣ. ಎಂಜಿನ್ ಆರಿದ್ದಾಗಲೂ ಗೇರ್ ಬೀಳದಿದ್ದರೆ ಮಾತ್ರ ಅನುಮಾನ ಗೇರ್‌ಬಾಕ್ಸಿನೊಳಗೆ ಗೇರ್ ಸರಿಸುವ ಸೆಲೆಕ್ಟರ್ ಕಡೆ ಹೊರಳಬೇಕು.

ಕ್ಲಚ್ ಬಿಡದಿರಲು ಅತಿ ಸಾಮಾನ್ಯ ಕಾರಣ ಕೇಬಲ್. ಹಿಗ್ಗಿದ ಕೇಬಲ್, ಎಳೆ ಬಿಟ್ಟ ತಂತಿ, ಸವೆದ ಲಿವರ್ ಪಿನ್ ಇವುಗಳನ್ನು ಕಣ್ಣಲ್ಲೇ ಕಾಣಬಹುದು. ಅವು ಸರಿಯಿದ್ದರೆ ಪ್ಲೇಟುಗಳನ್ನು ಹೊರತೆಗೆದು ಸ್ಟೀಲ್ ಪ್ಲೇಟನ್ನು ದಪ್ಪ ಗಾಜಿನ ಮೇಲೆ ಮಲಗಿಸಬೇಕು. ಅಂಚಿನಡಿ ಫೀಲರ್ ಗೇಜ್ ನುಸುಳಿದರೆ ಪ್ಲೇಟ್ ಬಾಗಿದೆ. ಅರ್ಧ ಕ್ಲಚ್ಚಿನಲ್ಲಿ ಬಂಡೆ ಹತ್ತಿದ ಗಾಡಿಯಲ್ಲಿ ಬಿಸಿಗೆ ಹೀಗಾಗುವುದು ಸಹಜ. ಆಮೇಲೆ ಪ್ಲೇಟುಗಳು ಕೂರುವ ಹೌಸಿಂಗ್. ಅದರ ಸೀಳುಗಳ ಒಳಅಂಚಿನ ಮೇಲೆ ಉಗುರು ಆಡಿಸಿದಾಗ ಮೆಟ್ಟಿಲು ಮೆಟ್ಟಿಲಾಗಿ ತಡೆದರೆ, ಪ್ಲೇಟುಗಳ ಕಿವಿಗಳು ಬಡಿದು ಬಡಿದು ಅಲ್ಲಿ ತಗ್ಗು ತೋಡಿವೆ. ಪ್ಲೇಟ್ ಆ ತಗ್ಗಿನಲ್ಲಿ ಸಿಕ್ಕಿಕೊಂಡು ಸರಿಯುವುದೇ ಇಲ್ಲ. ತಗ್ಗು ಸಣ್ಣದಿದ್ದರೆ ಅರದಿಂದ ಉಜ್ಜಿ ಸಮ ಮಾಡಬಹುದು, ಆಳವಾಗಿದ್ದರೆ ಹೌಸಿಂಗ್ ಬದಲಿಸಬೇಕು. ಇಂಥ ಗಾಡಿಗೆ ಬರಿ ಹೊಸ ಪ್ಲೇಟ್ ಹಾಕುವುದು ದುಡ್ಡು ದಂಡ. ಹೌಸಿಂಗ್ ತೆಗೆಯಲು ನಡುವಿನ ನಟ್ ಬಿಚ್ಚುವಾಗ ಕ್ಲಚ್ಚಿನ ಹಬ್ ತಿರುಗದಂತೆ ಹಿಡಿಯಲು ಕಂಪನಿಯ ಟೂಲ್ ಬೇಕೆಂದಿಲ್ಲ, ಹಳೆಯ ಸ್ಟೀಲ್ ಪ್ಲೇಟಿಗೆ ಕಬ್ಬಿಣದ ಪಟ್ಟಿ ವೆಲ್ಡ್ ಮಾಡಿಸಿಕೊಂಡರೆ ಆಯಿತು.

ಕ್ಲಚ್ ಸ್ಲಿಪ್ ಆಗುವುದಕ್ಕೆ ಸವೆದ ಪ್ಲೇಟು, ಸೋತ ಸ್ಪ್ರಿಂಗುಗಳ ಜೊತೆಗೆ ಆಯಿಲ್ಲೂ ಕಾರಣ. ಕಾರಿನ ಎಷ್ಟೋ ಆಯಿಲ್‌ಗಳಲ್ಲಿ ಜಾರಿಕೆ ಹೆಚ್ಚಿಸುವ ರಾಸಾಯನಿಕಗಳಿರುತ್ತವೆ. ಆಯಿಲ್ಲಿನಲ್ಲೇ ಮುಳುಗಿ ತಿರುಗುವ ಮೋಟಾರ್ ಸೈಕಲ್ ಕ್ಲಚ್ಚಿಗೆ ಅವು ಒಗ್ಗವು. ಈ ತೊಂದರೆಗೆಂದೇ ಜಪಾನಿನಲ್ಲಿ 1998ರಲ್ಲಿ ‘ಜಾಸೊ’ ಮಾನದಂಡ ಬಂತು. ಡಬ್ಬಿಯ ಮೇಲೆ ‘ಎಂಎ’ ಎಂದಿದ್ದರೆ ಆ ಆಯಿಲ್ ಇಂಥ ಕ್ಲಚ್ಚಿಗೆ ಸರಿ. ಜಾವಾದಲ್ಲಿ ಇನ್ನೊಂದು ಸುಳಿವನ್ನೂ ಗಮನಿಸಬೇಕು: ನೆಲಕ್ಕೆ ಒಂದು ಹನಿಯೂ ಸೋರದೆ ಗೇರ್ ಆಯಿಲ್ ಕಡಿಮೆಯಾಗುತ್ತ, ಸೈಲೆನ್ಸರಿನಲ್ಲಿ ದಟ್ಟ ಹೊಗೆ ಬಂದರೆ ಕ್ರ್ಯಾಂಕಿನ ಎಡಗಡೆಯ ಸೀಲ್ ಹೋಗಿದೆ. ಎಂಜಿನ್ ಆ ಆಯಿಲನ್ನು ಹೀರಿ ಸುಡುತ್ತಿರುತ್ತದೆ.

ಬುಲೆಟ್ಟಿನ ಕಥೆ ಬೇರೆ. ಹಳೆಯ ನಾಲ್ಕು ಗೇರಿನ ಆಲ್ಬಿಯನ್ ಗೇರ್‌ಬಾಕ್ಸ್ ಎಂಜಿನ್ನಿಗೆ ಹೊರಗಿನಿಂದ ಜೋಡಿಸಿದ ಪ್ರತ್ಯೇಕ ಪೆಟ್ಟಿಗೆ, ಗೇರ್ ಲಿವರ್ ಬಲಗಡೆ. ಹಿಮ್ಮಡಿಯಿಂದ ಒತ್ತಿದರೆ ಮೊದಲ ಗೇರ್ ಹೊರತು ಬೇರೆ ಯಾವ ಗೇರಿನಿಂದಲೂ ನೇರ ನ್ಯೂಟ್ರಲ್ಲಿಗೆ ತರುವ ಸಣ್ಣ ಲಿವರ್ ಅದಕ್ಕಿದೆ. ನ್ಯೂಟ್ರಲ್ ಸಿಗದ ಬುಲೆಟ್ಟಿನ ಸವಾರ ಈ ಲಿವರಿನಿಂದ ವರ್ಷಗಟ್ಟಲೆ ದಿನ ದೂಡಬಲ್ಲ, ಕ್ಲಚ್ ದೋಷ ಮರೆಯಾಗಿಯೇ ಉಳಿಯುತ್ತದೆ. ರಾತ್ರಿಯಿಡೀ ನಿಂತ ಗಾಡಿಯ ಪ್ಲೇಟುಗಳು ಅಂಟಿಕೊಂಡಿರುವುದರಿಂದ, ಬೆಳಗ್ಗೆ ಸ್ಟಾರ್ಟ್ ಮಾಡುವ ಮೊದಲು ಕ್ಲಚ್ ಹಿಡಿದು ಒಂದೆರಡು ಕಿಕ್ ಹೊಡೆಯುವ ರೂಢಿ ಇದೆ. ಅದು ಸರಿಯಾದ ರೂಢಿಯೇ. ಮೇಲಿನ ಗೇರ್ ಬಿದ್ದು ಕೆಳಗಿನದು ಬೀಳದಿದ್ದರೆ, ಅಥವಾ ಇದರ ಉಲ್ಟಾ ಆದರೆ, ಗೇರ್‌ಬಾಕ್ಸಿನ ಫುಟ್ ಕಂಟ್ರೋಲ್ ಪ್ಲೇಟಿನ ಎರಡು ಬೋಲ್ಟ್ ಸಡಿಲಿಸಿ ಅದನ್ನು ಕೂದಲೆಳೆಯಷ್ಟು ಸರಿಸಿ ನೋಡಬೇಕು. ಲಿವರ್ ಎರಡೂ ಕಡೆಗೆ ಸಮನಾಗಿ ಆಡುವಂತಾದರೆ ಕೆಲಸ ಅಲ್ಲಿಗೇ ಮುಗಿಯಿತು.

ಕ್ಲಚ್ಚಿಗೆ ಸಂಬಂಧವಿರದ ದೋಷ ಎಂದರೆ ಗೇರ್ ಎಗರುವುದು. ಆಕ್ಸಲರೇಟರ್ ಕೊಟ್ಟಾಗಲೋ ಬಿಟ್ಟಾಗಲೋ ಒಂದು ನಿರ್ದಿಷ್ಟ ಗೇರ್ ಮಾತ್ರ ತಾನಾಗಿ ನ್ಯೂಟ್ರಲ್ಲಿಗೆ ಜಿಗಿದರೆ ಆ ಗೇರಿನ ಹಲ್ಲುಗಳ ಮೂಲೆ ಉರುಟಾಗಿದೆ, ಇಲ್ಲವೇ ಸೆಲೆಕ್ಟರ್ ಫೋರ್ಕ್ ಸವೆದಿದೆ ಅಥವಾ ಬಾಗಿದೆ. ಎಲ್ಲ ಗೇರುಗಳೂ ಎಗರಿದರೆ ಗೇರನ್ನು ಸ್ಥಾನದಲ್ಲಿ ಹಿಡಿದಿಡುವ ಸ್ಪ್ರಿಂಗನ್ನು ಮೊದಲು ನೋಡಬೇಕು. ಬುಲೆಟ್ಟಿನಲ್ಲಿ ಈ ರಿಪೇರಿಗೆ ಎಂಜಿನ್ ಇಳಿಸುವ ಅಗತ್ಯವಿಲ್ಲ, ಬಲಗಡೆಯ ಕವರುಗಳನ್ನು ಬಿಚ್ಚಿದರೆ ಗೇರುಗಳು ಕೈಗೆ ಸಿಗುತ್ತವೆ. ಜಾವಾದಲ್ಲಿ ಎಂಜಿನ್ ಇಳಿಸಿ, ಕೇಸನ್ನೇ ನಡುವೆ ಇಬ್ಭಾಗ ಮಾಡಬೇಕು. ಅಷ್ಟು ಬಿಚ್ಚಿದ ಮೇಲೆ ಕ್ರ್ಯಾಂಕಿನ ಎರಡೂ ಸೀಲುಗಳನ್ನು, ಆಡುತ್ತಿರುವ ಬೇರಿಂಗುಗಳನ್ನು ಅದೇ ಸಲ ಬದಲಿಸಿಬಿಡುವುದು ಲೇಸು.