ನ್ಯಾಯಾಲಯದ ಬಾಗಿಲು ಎಷ್ಟು ದೂರ?

ಪ್ರತಿವರ್ಷ ನವೆಂಬರ್ ೧ರಂದು ನಾವು ಮುಂಬಯಿಯ ಕನ್ನಡಿಗರು ಒಂದೆಡೆ ಸೇರಿ ತಾಯ್ನಾಡಿನ ಏಕೀಕರಣವನ್ನು ನೆನೆಯುತ್ತೇವೆ. ಹರಿದು ಹಂಚಿಹೋಗಿದ್ದ ನಾಡು ೧೯೫೬ರಲ್ಲಿ ಒಂದಾಯಿತೆಂದು ಭಾಷಣಗಳಲ್ಲಿ ಹೇಳುತ್ತೇವೆ, ಹಾಡುಗಳಲ್ಲಿ ಕೇಳುತ್ತೇವೆ. ಆದರೆ ಆ ಹಂಚಿಹೋದ ಕಾಲದಲ್ಲಿ ಒಬ್ಬ ಸಾಮಾನ್ಯ ರೈತನು ನ್ಯಾಯ ಬೇಡಿ ಎಲ್ಲಿಗೆ ಹೋಗಬೇಕಾಗಿತ್ತು ಎಂಬುದನ್ನು ನಾವು ಅಷ್ಟಾಗಿ ಯೋಚಿಸುವುದಿಲ್ಲ. ಧಾರವಾಡ, ಬೆಳಗಾವಿ, ವಿಜಾಪುರ, ಕಾರವಾರದ ಕಡೆಯವರಿಗೆ ಹೈಕೋರ್ಟು ಎಂದರೆ ಮುಂಬಯಿ. ಇಂದು ನಾವು ಚರ್ಚ್‌ಗೇಟಿನಲ್ಲಿ ಲೋಕಲ್ ಗಾಡಿಯಿಂದಿಳಿದು ಕೆಲಸಕ್ಕೆ ಧಾವಿಸುವಾಗ ಮೈದಾನದಾಚೆ ಕಾಣುವ ಅದೇ ಕಲ್ಲಿನ ಕಟ್ಟಡ. ಮಂಗಳೂರು, ಉಡುಪಿಯವರಿಗೆ ಮದರಾಸು. ಕಲಬುರ್ಗಿ, ರಾಯಚೂರು, ಬೀದರಿನವರಿಗೆ ಹೈದರಾಬಾದು. ಹಳೆಯ ಮೈಸೂರಿನವರಿಗೆ ಬೆಂಗಳೂರು. ಭಾಷೆ ಒಂದು, ಹೈಕೋರ್ಟು ನಾಲ್ಕು ಕಡೆ.

ಈ ಸ್ಥಿತಿಯನ್ನು ಬದಲಿಸಿದ್ದು ೧೯೫೬ರ ರಾಜ್ಯ ಪುನರ್ವಿಂಗಡಣಾ ಕಾಯಿದೆ ಮತ್ತು ಅದರ ಜೊತೆಗೇ ಬಂದ ಸಂವಿಧಾನದ ಏಳನೆಯ ತಿದ್ದುಪಡಿ. ಎರಡೂ ಆ ನವೆಂಬರ್ ೧ರಂದೇ ಜಾರಿಗೆ ಬಂದವು. ಅಂದಮೇಲೆ ನಾವು ಆಚರಿಸುವ ಈ ಹಬ್ಬವು ಒಂದು ಅರ್ಥದಲ್ಲಿ ಸಂವಿಧಾನದ ತಿದ್ದುಪಡಿಯೊಂದರ ಹಬ್ಬವೂ ಹೌದು. ತಿದ್ದುಪಡಿ ಎಂದರೆ ದಿಲ್ಲಿಯಲ್ಲಿ ದೊಡ್ಡವರು ಮಾಡುವ ಕೆಲಸ, ನಮಗೂ ಅದಕ್ಕೂ ಏನು ಸಂಬಂಧವೆಂದು ಕೇಳುವವರುಂಟು. ಒಂದೇ ಸಂಬಂಧವನ್ನು ಇಲ್ಲಿ ತೋರಿಸಬಯಸುತ್ತೇವೆ. ಪ್ರಜೆಗೂ ನ್ಯಾಯಾಲಯದ ಬಾಗಿಲಿಗೂ ಇರುವ ದೂರವನ್ನು ಕೆಲವು ತಿದ್ದುಪಡಿಗಳು ಕಡಿಮೆ ಮಾಡಿದವು, ಕೆಲವು ಹೆಚ್ಚಿಸಿದವು.

ಈ ದೂರದ ನೋವು ಹೆಚ್ಚು ತಟ್ಟುವುದು ವಕೀಲರಿಲ್ಲದೆ ತಾನೇ ಕೋರ್ಟಿನ ಮೆಟ್ಟಿಲು ಹತ್ತುವವನಿಗೆ. ಹಾಗೆ ಹತ್ತುವ ಹಕ್ಕು ನಮ್ಮಲ್ಲಿ ಹೊಸದಲ್ಲ. ೧೯೦೮ರ ಸಿವಿಲ್ ಪ್ರಕ್ರಿಯಾ ಸಂಹಿತೆಯ ಮೂರನೆಯ ಆದೇಶದ ಮೊದಲನೆಯ ನಿಯಮವೇ, ಕಕ್ಷಿಗಾರನು ಸ್ವತಃ ಹಾಜರಾಗಿ ತನ್ನ ವ್ಯಾಜ್ಯವನ್ನು ನಡೆಸಬಹುದೆಂದು ಹೇಳುತ್ತದೆ. ೧೯೬೧ರ ವಕೀಲರ ಕಾಯಿದೆಯು ವಕೀಲಿ ವೃತ್ತಿಯನ್ನು ವಕೀಲರಿಗೇ ಮೀಸಲಿಟ್ಟಿತು. ಆದರೆ ತನ್ನ ಮಾತನ್ನು ತಾನೇ ಆಡಿಕೊಳ್ಳುವುದು ವೃತ್ತಿಯಲ್ಲವಷ್ಟೆ. ಪಕ್ಕದ ಮನೆಯ ಓದಿದವರನ್ನು ನಮ್ಮ ಪರವಾಗಿ ನಿಲ್ಲಿಸಬೇಕೆಂದರೆ ಮಾತ್ರ ನ್ಯಾಯಾಲಯದ ಅನುಮತಿ ಬೇಕು. ಸುಪ್ರೀಂ ಕೋರ್ಟು ೧೯೭೮ರಲ್ಲಿ ಇದನ್ನು ಸ್ಪಷ್ಟಪಡಿಸಿತು.

ಹಕ್ಕು ಇದೆ; ಆದರೆ ಅದನ್ನು ಚಲಾಯಿಸಲು ಖುದ್ದಾಗಿ ಹೋಗಬೇಕು. ಅದೇ ಸಂಹಿತೆಯ ೧೬ನೆಯ ಕಲಮಿನ ಪ್ರಕಾರ ಭೂಮಿಯ ಒಡೆತನದ ದಾವೆಯನ್ನು ಭೂಮಿ ಇರುವ ಊರಿನ ನ್ಯಾಯಾಲಯದಲ್ಲಿಯೇ ಹೂಡಬೇಕು. ಕುಂದಾಪುರದ ಗದ್ದೆಯ ತಕರಾರನ್ನು ಇಲ್ಲಿ ದಾದರಿನಲ್ಲಿ ಕುಳಿತು ತೀರಿಸಿಕೊಳ್ಳಲಾಗದು. ರಜೆಗಾಗಿ ಮೇಲಧಿಕಾರಿಯ ಮುಂದೆ ಕೈಕಟ್ಟಿ ನಿಂತು, ರಾತ್ರಿಯೆಲ್ಲ ಪ್ರಯಾಣ ಮಾಡಿ, ಬೆಳಿಗ್ಗೆ ಕೋರ್ಟಿನ ಜಗಲಿಯಲ್ಲಿ ಕಾದು, 'ಮುಂದಿನ ತಾರೀಖು' ಎಂಬ ಎರಡು ಮಾತು ಕೇಳಿ ಹಿಂತಿರುಗಿದವರು ನಮ್ಮೊಳಗೆ ಎಷ್ಟು ಮಂದಿ ಇಲ್ಲ! 'ಗೆದ್ದವನು ಸೋತ, ಸೋತವನು ಸತ್ತ' ಎಂಬ ಗಾದೆ ಹುಟ್ಟಿದ್ದು ಸುಮ್ಮನೆ ಅಲ್ಲ. ಆದರೂ ಹಣದ, ಕರಾರಿನ ವ್ಯಾಜ್ಯಗಳಲ್ಲಿ ಈ ಸಂಹಿತೆ ಉದಾರವಾಗಿದೆ. ೨೦ನೆಯ ಕಲಮಿನಂತೆ ಪ್ರತಿವಾದಿ ಇರುವಲ್ಲಿ ಮಾತ್ರವಲ್ಲ, ವ್ಯಾಜ್ಯದ ಕಾರಣ ಪೂರ್ತಿಯಾಗಿಯೋ ಭಾಗಶಃವೋ ಹುಟ್ಟಿದಲ್ಲಿಯೂ ದಾವೆ ಹೂಡಬಹುದು. ಅಂದರೆ ಗಾಯವಾದ ಕಡೆಯೇ ಮದ್ದು.

ಸರ್ಕಾರವೇ ಅನ್ಯಾಯ ಮಾಡಿದರೆ? ಅದಕ್ಕಾಗಿಯೇ ೧೯೫೦ರ ಸಂವಿಧಾನವು ೨೨೬ನೆಯ ವಿಧಿಯಲ್ಲಿ ಹೈಕೋರ್ಟುಗಳಿಗೆ ರಿಟ್ ಎಂಬ ಆಜ್ಞೆಗಳನ್ನು ಹೊರಡಿಸುವ ಅಧಿಕಾರವನ್ನು ಕೊಟ್ಟಿತು. ಸಾಕ್ಷಿ, ವಿಚಾರಣೆಗಳ ಉದ್ದನೆಯ ದಾವೆಯಿಲ್ಲದೆ, ಅಧಿಕಾರಿಯ ತಪ್ಪನ್ನು ನೇರವಾಗಿ ತಿದ್ದುವ ದಾರಿ ಇದು. ಆದರೆ ಈ ದಾರಿಯಲ್ಲಿ ಆರಂಭದಲ್ಲಿಯೇ ಒಂದು ಬೇಲಿ ಬಿತ್ತು. ಮದರಾಸಿನ ಶಾಸಕರೊಬ್ಬರ ಸದಸ್ಯತ್ವದ ಅರ್ಹತೆಯ ಪ್ರಶ್ನೆ ದಿಲ್ಲಿಯ ಚುನಾವಣಾ ಆಯೋಗದ ಮುಂದೆ ಬಂದಾಗ, ಮದರಾಸು ಹೈಕೋರ್ಟು ಆ ವಿಚಾರಣೆಯನ್ನು ತಡೆಯಿತು. ೧೯೫೩ರಲ್ಲಿ ಸುಪ್ರೀಂ ಕೋರ್ಟು ಆ ತಡೆಯಾಜ್ಞೆ ಸಲ್ಲದೆಂದಿತು. ಆಯೋಗದ ಕಚೇರಿ ದಿಲ್ಲಿಯಲ್ಲಿದೆ. ಮದರಾಸು ಹೈಕೋರ್ಟಿನ ಆಜ್ಞೆ ದಿಲ್ಲಿಗೆ ಹರಿಯದು. ವ್ಯಾಜ್ಯದ ಕಾರಣ ಎಲ್ಲಿ ಹುಟ್ಟಿತೆಂಬುದು ರಿಟ್ ಅರ್ಜಿಗೆ ಸಂಬಂಧಿಸಿದ್ದಲ್ಲ ಎಂದು ತೀರ್ಮಾನಿಸಿತು.

ಇದರ ಪರಿಣಾಮವನ್ನು ಊಹಿಸಿಕೊಳ್ಳಿ. ಕೇಂದ್ರ ಸರ್ಕಾರದ ಆಜ್ಞೆಯಿಂದ ಬೆಂಗಳೂರಿನಲ್ಲಿ ಒಬ್ಬ ಗುಮಾಸ್ತನ ಕೆಲಸ ಹೋದರೆ, ಆ ಆಜ್ಞೆಯ ವಿರುದ್ಧ ಅವನು ಮೈಸೂರು ಹೈಕೋರ್ಟಿಗೆ ಹೋಗುವಂತಿರಲಿಲ್ಲ. ಆಗ ದಿಲ್ಲಿಯು ಪಂಜಾಬ್ ಹೈಕೋರ್ಟಿನ ವ್ಯಾಪ್ತಿಗೆ ಸೇರಿದ್ದುದರಿಂದ ಆ ಹೈಕೋರ್ಟಿಗೇ ಹೋಗಬೇಕಾಗಿತ್ತು. ಸಂಬಳವಿಲ್ಲದವನು ದಿಲ್ಲಿಯ ರೈಲು ಹತ್ತುವುದು ಹೇಗೆ? ಕೆಲವು ವರ್ಷಗಳ ಬಳಿಕ ಜಮ್ಮುವಿನ ಸೈನ್ಯಾಧಿಕಾರಿಯೊಬ್ಬರು ತಮ್ಮನ್ನು ನಿವೃತ್ತಿಗೊಳಿಸಿದ ಕೇಂದ್ರದ ಆಜ್ಞೆಯನ್ನು ಅಲ್ಲಿನ ಹೈಕೋರ್ಟಿನಲ್ಲಿ ಪ್ರಶ್ನಿಸಿದಾಗ ಇದೇ ವಿಷಯ ಸುಪ್ರೀಂ ಕೋರ್ಟಿನ ಏಳು ನ್ಯಾಯಮೂರ್ತಿಗಳ ಮುಂದೆ ಮತ್ತೆ ಬಂತು. ನ್ಯಾಯಮೂರ್ತಿ ಕೆ. ಸುಬ್ಬರಾವ್ ಅವರು ಭಿನ್ನಮತ ಬರೆದರು. ಬಹುಮತವು ಹಳೆಯ ತೀರ್ಪನ್ನೇ ಎತ್ತಿಹಿಡಿಯಿತು. ಆದರೆ ಜನರಿಗೆ ಇದರಿಂದ ತೊಂದರೆಯಾಗುವುದಾದರೆ ಅದಕ್ಕೆ ಪರಿಹಾರ ಸಂವಿಧಾನದ ತಿದ್ದುಪಡಿಯೇ ಹೊರತು ಬೇರೆಯಲ್ಲವೆಂಬ ಸೂಚನೆಯನ್ನೂ ಕೊಟ್ಟಿತು.

ಸಂಸತ್ತು ಆ ಸೂಚನೆಯನ್ನು ಕಿವಿಗೆ ಹಾಕಿಕೊಂಡಿತು. ೧೯೬೩ರ ಅಕ್ಟೋಬರ್ ೫ರಂದು ಜಾರಿಗೆ ಬಂದ ಹದಿನೈದನೆಯ ತಿದ್ದುಪಡಿಯು ವ್ಯಾಜ್ಯದ ಕಾರಣ ಹುಟ್ಟಿದ ಪ್ರದೇಶದ ಹೈಕೋರ್ಟೂ ರಿಟ್ ಹೊರಡಿಸಬಹುದೆಂದು ಸೇರಿಸಿತು. ಸಾಮಾನ್ಯ ದಾವೆಯಲ್ಲಿ ೧೯೦೮ರಿಂದ ಇದ್ದ ಸೌಲಭ್ಯವು ಸರ್ಕಾರದ ವಿರುದ್ಧದ ಅರ್ಜಿಗೂ ದೊರೆಯಿತು. ಈ ತಿದ್ದುಪಡಿಗಾಗಿ ಯಾರೂ ಮೆರವಣಿಗೆ ಮಾಡುವುದಿಲ್ಲ. ಆದರೂ ಕೇಂದ್ರ ಸರ್ಕಾರದ ನೌಕರಿಯಲ್ಲಿ, ರೈಲ್ವೆಯಲ್ಲಿ, ಅಂಚೆಯಲ್ಲಿ ದುಡಿದು ದೇಶದ ಮೂಲೆಮೂಲೆಗೆ ವರ್ಗವಾಗುವ ನಮ್ಮಂಥ ವಲಸಿಗ ಕುಟುಂಬಗಳಿಗೆ ಇದಕ್ಕಿಂತ ಹತ್ತಿರದ ತಿದ್ದುಪಡಿ ಇನ್ನೊಂದಿಲ್ಲ.

ಹತ್ತಿರ ಬಂದ ಬಾಗಿಲು ದೂರವೂ ಸರಿಯಬಹುದೆಂಬುದನ್ನು ೧೯೭೬ರ ನಲವತ್ತೆರಡನೆಯ ತಿದ್ದುಪಡಿ ತೋರಿಸಿತು. ತುರ್ತುಪರಿಸ್ಥಿತಿಯ ಕಾಲ ಅದು. ಕೇಂದ್ರದ ಕಾನೂನುಗಳ ಸಿಂಧುತ್ವವನ್ನು ಪರಿಶೀಲಿಸುವ ಅಧಿಕಾರವನ್ನು ಹೈಕೋರ್ಟುಗಳಿಂದ ತೆಗೆದುಕೊಳ್ಳಲಾಯಿತು. ೨೨೬ನೆಯ ವಿಧಿಯನ್ನು ಹಲವು ಷರತ್ತುಗಳಿಂದ ಬಿಗಿಯಲಾಯಿತು. ಅಂದರೆ ಕೇಂದ್ರದ ಕಾನೂನು ತಪ್ಪೆನ್ನುವವನು ಮತ್ತೆ ದಿಲ್ಲಿಯ ಸುಪ್ರೀಂ ಕೋರ್ಟಿಗೇ ಹೋಗಬೇಕಾಯಿತು. ವಿಚಿತ್ರವೆಂದರೆ ಬಡವರಿಗೆ ಉಚಿತ ಕಾನೂನು ನೆರವು ಕೊಡಬೇಕೆಂಬ ೩೯ಎ ವಿಧಿಯೂ ಇದೇ ತಿದ್ದುಪಡಿಯ ಕೊಡುಗೆ. ಒಂದು ಕೈ ಕದವಿಕ್ಕುತ್ತಿದ್ದಾಗ ಇನ್ನೊಂದು ಕೈ ಕಿಟಕಿ ತೆರೆಯಿತು. ಚುನಾವಣೆಯಾಗಿ ಸರ್ಕಾರ ಬದಲಾದ ಮೇಲೆ ನಲವತ್ತಮೂರನೆಯ ಮತ್ತು ನಲವತ್ತನಾಲ್ಕನೆಯ ತಿದ್ದುಪಡಿಗಳು ಹೈಕೋರ್ಟಿನ ಅಧಿಕಾರವನ್ನು ಹಿಂದಿರುಗಿಸಿದವು. ಕಿಟಕಿ ಹಾಗೆಯೇ ಉಳಿಯಿತು. ನಲವತ್ತೆರಡರ ಇನ್ನೂ ಎರಡು ಮುಖ್ಯ ಭಾಗಗಳು ೧೯೮೦ರಲ್ಲಿ ಸುಪ್ರೀಂ ಕೋರ್ಟಿನಲ್ಲಿ ಬಿದ್ದುಹೋದವು. ಆ ತೀರ್ಪಿಗೆ ಹೆಸರು ಕೊಟ್ಟದ್ದು ಕರ್ನಾಟಕದ ಒಂದು ಬಟ್ಟೆ ಗಿರಣಿ, ಮಿನರ್ವ ಮಿಲ್ಸ್. ಮುಂದೆ ೧೯೯೭ರಲ್ಲಿ ಸುಪ್ರೀಂ ಕೋರ್ಟು ೨೨೬ನೆಯ ವಿಧಿಯ ಈ ಅಧಿಕಾರವು ಸಂವಿಧಾನದ ಮೂಲ ರಚನೆಗೆ ಸೇರಿದ್ದು, ತಿದ್ದುಪಡಿಯಿಂದಲೂ ಅದನ್ನು ಕಿತ್ತುಹಾಕಲಾಗದು ಎಂದು ಸಾರಿತು.

ನಲವತ್ತನಾಲ್ಕನೆಯ ತಿದ್ದುಪಡಿ ಇನ್ನೊಂದು ಕೆಲಸವನ್ನೂ ಮಾಡಿತು. ಆಸ್ತಿಯ ಹಕ್ಕನ್ನು ಮೂಲಭೂತ ಹಕ್ಕುಗಳ ಪಟ್ಟಿಯಿಂದ ತೆಗೆದು, ೧೯೭೯ರಿಂದ ಅದನ್ನು ೩೦೦ಎ ವಿಧಿಯಲ್ಲಿ ಸಂವಿಧಾನದತ್ತ ಹಕ್ಕಾಗಿ ಮಾತ್ರ ಉಳಿಸಿತು. ಕಾನೂನಿನ ಆಧಾರವಿಲ್ಲದೆ ಯಾರ ಆಸ್ತಿಯನ್ನೂ ಕಸಿಯುವಂತಿಲ್ಲವೆಂಬುದು ಅದರ ಸಾರ. ಇದರ ಬೆಲೆಯೇನೆಂಬುದನ್ನು ಹಿಮಾಚಲ ಪ್ರದೇಶದ ಒಬ್ಬ ಹೆಂಗಸಿನ ಕಥೆಯಿಂದ ತಿಳಿಯಬಹುದು. ಅಕ್ಷರ ಬಾರದ ಆ ವಿಧವೆಯ ಜಮೀನನ್ನು ೧೯೬೭ರ ಸುಮಾರಿಗೆ ರಸ್ತೆಗಾಗಿ ತೆಗೆದುಕೊಂಡರು. ಭೂಸ್ವಾಧೀನದ ಕ್ರಮವೂ ಇಲ್ಲ, ಪರಿಹಾರವೂ ಇಲ್ಲ. ಆಗ ಆಸ್ತಿಯು ಮೂಲಭೂತ ಹಕ್ಕೇ ಆಗಿತ್ತು. ಆದರೆ ತನಗೆ ಅಂಥದೊಂದು ಹಕ್ಕಿದೆಯೆಂದು ಆಕೆಗೆ ಹೇಳಿದವರು ಯಾರು? ನೆರೆಯವರು ಕೋರ್ಟಿಗೆ ಹೋದ ಸುದ್ದಿ ತಿಳಿದ ಮೇಲೆ ೨೦೧೦ರಲ್ಲಿ ಆಕೆ ಹೈಕೋರ್ಟಿಗೆ ಹೋದಳು. ಸಿವಿಲ್ ದಾವೆ ಹೂಡಿಕೋ ಎಂದು ಹೈಕೋರ್ಟು ಕಳುಹಿಸಿತು. ಇಷ್ಟು ವರ್ಷ ಸ್ವಾಧೀನದಲ್ಲಿಟ್ಟುಕೊಂಡಿದ್ದರಿಂದ ಜಮೀನು ತನ್ನದೇ ಆಗಿದೆಯೆಂದು ವಾದಿಸಲೂ ಸರ್ಕಾರ ಹಿಂಜರಿಯಲಿಲ್ಲ. ೨೦೨೦ರ ಜನವರಿಯಲ್ಲಿ ಸುಪ್ರೀಂ ಕೋರ್ಟು ಆ ವಾದವನ್ನು ತಳ್ಳಿಹಾಕಿ ಪರಿಹಾರ ಕೊಡಿಸಿತು. ಆಗ ಆಕೆಗೆ ಎಂಬತ್ತು ವರ್ಷ. ಹಕ್ಕು ಪಟ್ಟಿಯಲ್ಲಿದ್ದಾಗ ಆಕೆಗೆ ಸಿಗಲಿಲ್ಲ. ಪಟ್ಟಿಯಿಂದ ಹೊರಬಿದ್ದ ನಲವತ್ತು ವರ್ಷಗಳ ಮೇಲೆ ಸಿಕ್ಕಿತು. ಹಕ್ಕು ಯಾವ ವಿಧಿಯಲ್ಲಿದೆ ಎಂಬುದು ದೊಡ್ಡ ಮಾತೇ. ಅದು ನಮ್ಮ ತಿಳಿವಿನಲ್ಲಿದೆಯೆ ಎಂಬುದು ಅದಕ್ಕಿಂತ ದೊಡ್ಡ ಮಾತು.

ಇನ್ನು ಮೈಲಿಗಲ್ಲುಗಳಿಂದ ಅಳೆಯಲಾಗದ ಇನ್ನೊಂದು ದೂರವಿದೆ. ಅದು ಭಾಷೆಯದು. ೧೯೭೦ರಲ್ಲಿ ರಾಜಕಾರಣಿ ರಾಜ್ ನಾರಾಯಣ್ ಅವರು ಸುಪ್ರೀಂ ಕೋರ್ಟಿನಲ್ಲಿ ತಾವೇ ನಿಂತು ಹಿಂದಿಯಲ್ಲಿ ವಾದಿಸುವೆನೆಂದು ಹಟ ಹಿಡಿದರು. ಇಂಗ್ಲಿಷಿನಲ್ಲಿ ವಾದಿಸಿ, ಇಲ್ಲವೆ ವಕೀಲರಿಂದ ಹೇಳಿಸಿ, ಇಲ್ಲವೆ ಇಂಗ್ಲಿಷಿನಲ್ಲಿ ಬರೆದುಕೊಡಿ ಎಂದು ನ್ಯಾಯಾಲಯ ಹೇಳಿತು. ಅವರು ಒಪ್ಪಲಿಲ್ಲ, ಅವರ ವಾದಕ್ಕೆ ಅವಕಾಶ ತಪ್ಪಿತು. ೩೪೮ನೆಯ ವಿಧಿಯಂತೆ ಆ ನ್ಯಾಯಾಲಯದ ಭಾಷೆ ಇಂಗ್ಲಿಷ್. ಹಿಂದಿಗೇ ಹೀಗಾದರೆ ಕನ್ನಡದ ಮಾತೇನು? ಕರ್ನಾಟಕದ ಕೆಳ ನ್ಯಾಯಾಲಯಗಳಲ್ಲಿ ಕನ್ನಡಕ್ಕೆ ಸ್ಥಾನವಿದೆ. ಮೇಲೇರಿದಂತೆ ನಮ್ಮ ಮಾತು ನಮಗೇ ಪರಕೀಯವಾಗುತ್ತದೆ. ಆದರೂ ಪೂರ್ತಿ ನಿರಾಶರಾಗಬೇಕಾಗಿಲ್ಲ. ಅಧಿಕಾರಿಗಳಿಗೆ ಸಲ್ಲಿಸುವ ಅಹವಾಲನ್ನು ಕೇಂದ್ರದಲ್ಲಿಯೋ ಆ ರಾಜ್ಯದಲ್ಲಿಯೋ ಬಳಕೆಯಲ್ಲಿರುವ ಯಾವ ಭಾಷೆಯಲ್ಲಿಯಾದರೂ ಬರೆಯಬಹುದೆಂದು ೩೫೦ನೆಯ ವಿಧಿ ಹೇಳುತ್ತದೆ. ನಮ್ಮ ನಾಡನ್ನು ಒಂದುಗೂಡಿಸಿದ ಏಳನೆಯ ತಿದ್ದುಪಡಿಯೇ ನಾಡಿನ ಹೊರಗುಳಿದ ನಮ್ಮನ್ನೂ ಮರೆಯದೆ, ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ತಾಯ್ನುಡಿಯಲ್ಲಿ ಪ್ರಾಥಮಿಕ ಶಿಕ್ಷಣದ ಅನುಕೂಲ ಕಲ್ಪಿಸಬೇಕೆಂಬ ೩೫೦ಎ ವಿಧಿಯನ್ನೂ, ಅವರ ರಕ್ಷಣೆಗೆ ವಿಶೇಷ ಅಧಿಕಾರಿಯನ್ನು ನೇಮಿಸುವ ೩೫೦ಬಿ ವಿಧಿಯನ್ನೂ ಸೇರಿಸಿತು.

ಏಕೀಕರಣದ ಬಳಿಕ ಧಾರವಾಡದವರ ಹೈಕೋರ್ಟು ಮುಂಬಯಿಯಿಂದ ಬೆಂಗಳೂರಿಗೆ ಹೋಯಿತಾದರೂ ದಾರಿ ದೂರವೇ ಉಳಿಯಿತು. ೨೦೦೮ರಲ್ಲಿ ಧಾರವಾಡ, ಕಲಬುರ್ಗಿಗಳಲ್ಲಿ ಸಂಚಾರಿ ಪೀಠಗಳು ತೆರೆದು, ೨೦೧೩ರಲ್ಲಿ ಅವು ಕಾಯಂ ಆದವು. ಬಾಗಿಲು ಮನೆಯ ಹತ್ತಿರಕ್ಕೆ ಬರಲು ಅರ್ಧ ಶತಮಾನಕ್ಕೂ ಮೀರಿ ಹಿಡಿಯಿತು.

ಇದನ್ನೆಲ್ಲ ಬರೆದದ್ದು ಎಲ್ಲರೂ ವಕೀಲರನ್ನು ಬಿಟ್ಟು ಕೋರ್ಟಿಗೆ ನುಗ್ಗಿರೆಂದು ಹೇಳಲಿಕ್ಕಲ್ಲ. ನ್ಯಾಯಾಧೀಶರು ನಮ್ಮ ಮಾತು ಕೇಳಬಲ್ಲರು, ನಮ್ಮ ವಕೀಲರಾಗಲಾರರು. ೧೯೮೭ರ ಕಾನೂನು ಸೇವಾ ಪ್ರಾಧಿಕಾರ ಕಾಯಿದೆಯಂತೆ ಹೆಂಗಸರಿಗೆ, ಪರಿಶಿಷ್ಟ ಜಾತಿ-ಪಂಗಡಗಳವರಿಗೆ, ಕಾರ್ಖಾನೆಯ ಕಾರ್ಮಿಕರಿಗೆ, ಅಂಗವಿಕಲರಿಗೆ ಉಚಿತ ವಕೀಲರು ದೊರೆಯುತ್ತಾರೆ. ಈ ಮಾತು ನಮ್ಮ ಪ್ರತಿಯೊಂದು ಮನೆಗೂ ತಲುಪಲಿ. ಊರಿನ ಪಹಣಿ, ತೆರಿಗೆ ರಸೀದಿ, ಹಿರಿಯರ ಪಾಲುಪತ್ರಗಳನ್ನು ಹಳೆಯ ಟ್ರಂಕಿನ ತಳದಲ್ಲಿ ಗೆದ್ದಲಿಗೆ ಬಿಡದೆ, ಈ ಹಬ್ಬದ ದಿನ ಒಮ್ಮೆ ಹೊರತೆಗೆದು, ಬಿಸಿಲಿಗಿಟ್ಟು, ಮಕ್ಕಳಿಗೆ ಓದಿ ಹೇಳೋಣ. ಕನ್ನಡ ಓದಲು ಬಾರದ ಮಗನಿಗೆ ಅಜ್ಜನ ಪಾಲುಪತ್ರ ಬರಿಯ ಕಾಗದ. ಮುಂದೊಂದು ದಿನ ಅವನು ಊರಿನ ಕೋರ್ಟಿನ ಮೆಟ್ಟಿಲ ಮೇಲೆ ಒಬ್ಬನೇ ನಿಲ್ಲಬೇಕಾಗಿ ಬಂದರೆ, ನಾವು ಇಂದು ಕಲಿಸಿದ ನಾಲ್ಕು ಅಕ್ಷರಗಳೇ ಅವನ ಜೊತೆಗಿರುವ ವಕೀಲರು.